ಅಕ್ಕಯ್ಯಮ್ಮನವರನ್ನು ದಡಕ್ಕಿಳಿಸಲು ಲತಾ ಪಟ್ಟ ಪಾಡು

ನಮ್ಮ ಕುರುಬರಹಳ್ಳಿಯ ಸುತ್ತಮುತ್ತ ಯಾರಾದರೂ ವಯಸ್ಸಾದವರನ್ನು ಕರೆದುಕೊಂಡು ಪ್ರವಾಸ ಹೊರಡುವುದಿದ್ದರೆ ಮೊದಲು ಲತಾಳನ್ನು ಒಂದು ಮಾತು ಕೇಳುತ್ತಾರೆ. ಯಾವ ದೇವಸ್ಥಾನದಲ್ಲಿ ಮೆಟ್ಟಿಲಿನ ಪಕ್ಕ ಇಳಿಜಾರು ಕಟ್ಟಿದ್ದಾರೆ, ಯಾವ ಛತ್ರದ ಬಚ್ಚಲಿನಲ್ಲಿ ಹಿಡಿದು ಏಳಲು ಕಂಬಿ ಇದೆ, ವಿಜಯನಗರದ ಮೆಟ್ರೊದಲ್ಲಿ ಲಿಫ್ಟ್ ಹತ್ತಬೇಕಾದರೆ ರಸ್ತೆಯ ಯಾವ ಬದಿಗೆ ಆಟೊ ನಿಲ್ಲಿಸಬೇಕು, ಇವೆಲ್ಲ ಅವಳ ನಾಲಗೆಯ ತುದಿಯಲ್ಲಿರುತ್ತವೆ. ಅವಳಿಗೆ ಆಫೀಸಿಲ್ಲ, ಬೋರ್ಡಿಲ್ಲ. ಮಧ್ಯಾಹ್ನದ ಹೊತ್ತು ಗಂಡ ನಾಗರಾಜುವಿನ ಪೇಂಟ್ ಅಂಗಡಿಯಲ್ಲಿ ಕೂರುತ್ತಾಳೆ. ಕೇಳಲು ಬಂದವರನ್ನು ಅಲ್ಲೇ ಒಂದು ಡಬ್ಬದ ಮೇಲೆ ಕೂರಿಸಿ ಮೊದಲು ಅವರ ಮನೆಯ ಹಿರಿಯರ ಕಾಲಿನ ಸಮಾಚಾರ ವಿಚಾರಿಸುತ್ತಾಳೆ. ಎಲ್ಲಿಗೆ ಹೋಗುತ್ತೀರಿ ಎನ್ನುವುದು ಆಮೇಲೆ.

ಈ ವಿದ್ಯೆ ಅವಳಿಗೆ ಬಂದದ್ದು ಅತ್ತೆಯ ಮಂಡಿಯಿಂದ. ಅತ್ತೆ ಅಕ್ಕಯ್ಯಮ್ಮನವರಿಗೆ ಈಗ ಎಂಬತ್ತರ ಹತ್ತಿರ. ನಾವು ಬಾಡಿಗೆಗಿರುವ ಬೀದಿಯೆಲ್ಲ ಹಿಂದೆ ಅವರ ಮನೆಯ ರಾಗಿ ಹೊಲವಾಗಿತ್ತು. ಹೊಲ ಹೋಗಿ ಬಾಡಿಗೆ ಮನೆ ಬಂತು, ಮಂಡಿ ಹೋಗಿ ವಾಕರ್ ಬಂತು ಎಂದು ಅವರೇ ಹೇಳಿಕೊಂಡು ನಗುತ್ತಾರೆ. ಆ ಮನೆಯವರು ಯಾತ್ರೆಗೆ ಹೊರಟರೆ ಒಂದು ಟೆಂಪೊ ಟ್ರಾವೆಲರ್ ಭರ್ತಿಯಾಗುತ್ತದೆ. ಹೋದಲ್ಲೆಲ್ಲ ಬೆಟ್ಟ, ಹೋದಲ್ಲೆಲ್ಲ ಮೆಟ್ಟಿಲು. ಉಳಿದವರು ಹತ್ತಿ ಹೋದರೆ ಅಕ್ಕಯ್ಯಮ್ಮನವರು ಕೆಳಗೆ ಎಲ್ಲರ ಚಪ್ಪಲಿ, ಎಲ್ಲರ ಚೀಲ ಕಾಯುತ್ತ ಕೂರುತ್ತಿದ್ದರು. ಕೂರಿ ಎಂದು ಯಾರೂ ಹೇಳಿದ್ದಲ್ಲ. ಮಂಡಿ ನೋವಿನವರು ಚಪ್ಪಲಿ ಕಾಯುವುದು ನಮ್ಮ ಕಡೆ ಹೇಳದೆಯೇ ನಡೆದು ಬಂದಿರುವ ಏರ್ಪಾಡು.

ಒಮ್ಮೆ ಶಿವಗಂಗೆಯ ಬೆಟ್ಟ ಇಳಿದು ಬಂದವರನ್ನು ಅಕ್ಕಯ್ಯಮ್ಮನವರು, ಪ್ರಸಾದ ಕಣ್ಣಿಗೊತ್ತಿಕೊಂಡು, "ಇವತ್ತು ಸ್ವಾಮಿಗೆ ಯಾವ ಹೂ ಏರಿಸಿದ್ರು?" ಎಂದು ಕೇಳಿದರಂತೆ. ಒಬ್ಬರು ಕಣಗಿಲೆ ಎಂದರು, ಇನ್ನೊಬ್ಬರು ಸೇವಂತಿಗೆ ಎಂದರು, ಮತ್ತೊಬ್ಬರು "ಅಯ್ಯೋ ಏನ್ ರಶ್ಶು ಅಜ್ಜಿ, ಎಲ್ ನೋಡಕ್ಕಾಗತ್ತೆ" ಎಂದರು. ಅಕ್ಕಯ್ಯಮ್ಮನವರು ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ ಮುಂದಕ್ಕೆ ಸರಿಸಿದರು.

"ಮೇಲೆ ಹೋದ ನಾವ್ಯಾರೂ ಸರಿಯಾಗಿ ನೋಡಿರಲಿಲ್ಲ. ನೋಡೋ ಆಸೆ ಇದ್ದೋರು ಕೆಳಗಿದ್ರು" ಎಂದು ಲತಾ ನನ್ನ ಹತ್ತಿರ ಹೇಳಿದ್ದಳು. ಅಂದಿನಿಂದ ಅವಳು ಇಳಿಜಾರುಗಳನ್ನು ಹುಡುಕತೊಡಗಿದಳು.

ಹೋದ ವರ್ಷ ನಾಗರಾಜುವಿಗೆ ಅರವತ್ತು ತುಂಬಿತು. ಮನೆಯಲ್ಲಿ ಶಾಂತಿ ಹೋಮ ಆದ ಮೇಲೆ ಎಲ್ಲರೂ ಊಟ ಮುಗಿಸಿ ಎಲೆಯಡಿಕೆಗೆ ಕೂತಿದ್ದಾಗ ಮಗಳು ಧನ್ಯಶ್ರೀ ಹಡಗಿನ ಮಾತು ತೆಗೆದಳು. ಮುಂಬೈಯಲ್ಲಿ ಹತ್ತುವುದು, ಕೊಚ್ಚಿಯಲ್ಲಿ ಒಂದು ದಿನ ಇಳಿಯುವುದು, ಲಕ್ಷದ್ವೀಪದ ಒಂದು ದ್ವೀಪದಲ್ಲಿ ಒಂದು ದಿನ ಇಳಿಯುವುದು, ಮತ್ತೆ ಮುಂಬೈ. ಹಡಗಿನಲ್ಲಿ ಲಿಫ್ಟ್ ಇದೆ, ಮಲಗುವ ಕೋಣೆ ಜೊತೆಯಲ್ಲೇ ಬರುತ್ತದೆ, ದಿನಾ ಗಂಟು ಕಟ್ಟಿ ಬಿಚ್ಚುವ ಕಷ್ಟವಿಲ್ಲ. ಹಾಗಾಗಿ ಕೆಂಗೇರಿಯಲ್ಲಿರುವ ಅಕ್ಕಯ್ಯಮ್ಮನವರ ತಮ್ಮ ನಾರಾಯಣಪ್ಪನವರೂ ಬರಬಹುದು ಎಂದಾಯಿತು. ಅವರು ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಸೋತು ಗಾಲಿಕುರ್ಚಿಗೆ ಬಂದಿದ್ದಾರೆ. ಬಾಯಿ ಮಾತ್ರ ಸೋತಿಲ್ಲ.

"ಅಮ್ಮ, ಮಾವ ಇಬ್ರೂ ಹಡಗಲ್ಲೇ ಆರಾಮಾಗಿರ್ತಾರೆ. ಎಸಿ ಇದೆ, ಊಟ ಇದೆ. ನಾವು ಇಳಿದು ನೋಡ್ಕೊಂಡ್ ಬರೋಣ" ಎಂದ ನಾಗರಾಜು.

"ನೋಡಕ್ಕ, ನಿಂಗೆ ಪ್ರಮೋಷನ್ನು. ಇಷ್ಟು ದಿನ ಚಪ್ಪಲಿ ಕಾಯ್ತಿದ್ದೆ, ಇನ್ಮೇಲೆ ಹಡಗು ಕಾಯಿ" ಎಂದರು ನಾರಾಯಣಪ್ಪ.

ಎಲ್ಲರೂ ನಕ್ಕರು. ಅಕ್ಕಯ್ಯಮ್ಮನವರೂ ನಕ್ಕರು. ಲತಾ ನಗಲಿಲ್ಲ.

"ಅತ್ತೆ ಇಳಿಯಲ್ಲ ಅಂದ್ರೆ ನಾನೂ ಇಳಿಯಲ್ಲ. ಟಿಕೆಟ್ ಮಾಡ್ಸೋಕೆ ಮುಂಚೆನೇ ಹೇಳ್ತಿದೀನಿ."

"ಬಿಡೇ, ಮೇಲಿಂದ ನೋಡಿದ್ರೂ ಅದೇ ನೀರು, ಕೆಳಗಿಂದ ನೋಡಿದ್ರೂ ಅದೇ ನೀರು" ಎಂದರು ಅತ್ತೆ.

"ಅದಲ್ಲ ಅತ್ತೆ. ನಿಮಗೆ ಇಳಿಯೋಕೆ ಇಷ್ಟ ಇದ್ಯಾ, ಇಲ್ವಾ? ಅಷ್ಟು ಹೇಳಿ."

ಅಕ್ಕಯ್ಯಮ್ಮನವರು ಅಡಿಕೆ ಚೂರನ್ನು ಅಂಗೈಯಲ್ಲಿ ಉಜ್ಜಿದರು. "ಒಂದ್ಸಲನಾದ್ರೂ ಎಲ್ಲಾರ್ ಜೊತೆ ಹೋಗ್ಬೇಕು ಅಂತ ಇದೆ ಕಣೇ" ಎಂದರು.

ಲತಾಳಿಗೆ ಅಷ್ಟು ಸಾಕಾಗಿತ್ತು.

ಅವಳು ಕೆಲಸ ಮಾಡುವ ರೀತಿಯೇ ಬೇರೆ. ಬೇರೆಯವರು ಮೊಬೈಲಿನಲ್ಲಿ ಊರಿನ ಚಿತ್ರ ನೋಡುತ್ತಾರೆ. ಇವಳು ಬಾಡಿಗೆಗೆ ಒಂದು ಗಾಲಿಕುರ್ಚಿ ತಂದು, ತಾನೇ ಅದರಲ್ಲಿ ಕೂತು, ನಾಗರಾಜುವಿನ ತಮ್ಮನ ಮಗ ಗೌತಮನಿಗೆ ವಿಜಯನಗರದ ಮಾರ್ಕೆಟ್ಟಿನಲ್ಲಿ ತಳ್ಳಿಕೊಂಡು ಹೋಗು ಎಂದಳು. ಗೌತಮ್ ಬ್ಯಾಂಕಿನಲ್ಲಿ ಕೆಲಸ ಮಾಡುವವನು, ಆ ಬೀದಿಯಲ್ಲಿ ಅವನಿಗೆ ಪರಿಚಯದವರೂ ಇದ್ದರು.

"ದೊಡ್ಡಮ್ಮ, ಯಾರಾದ್ರೂ ನೋಡಿದ್ರೆ ನಿಮಗೇನೋ ಆಗಿದೆ ಅನ್ಕೋತಾರೆ."

"ಅನ್ಕೊಳ್ಳಲಿ. ನೀನ್ ತಳ್ಳೋ."

ತಳ್ಳುವವರಿಗೆ ಕಾಣದ ಸಣ್ಣ ಗುಂಡಿ ಕೂತವರ ಬೆನ್ನಿಗೆ ಹೇಗೆ ಬಡಿಯುತ್ತದೆ, ಇಳಿಜಾರಿನಲ್ಲಿ ಮುಖ ಮುಂದಾಗಿ ಇಳಿಸಿದರೆ ಎಷ್ಟು ಭಯವಾಗುತ್ತದೆ, ಕುರ್ಚಿಯನ್ನು ತಿರುಗಿಸಿ ಹಿಂದುಹಿಂದಾಗಿ ಇಳಿಸಿದರೆ ಎಷ್ಟು ನೆಮ್ಮದಿ, ಇದೆಲ್ಲ ಅವಳಿಗೆ ಅಲ್ಲಿ ತಿಳಿಯಿತು. ಹೂವಿನವಳು ಗೌತಮನ ಮುಖ ನೋಡಿ, "ಅಮ್ಮಂಗೆ ಹೂ ಬೇಕಾ ಸಾರ್?" ಎಂದಳಂತೆ. "ಅಮ್ಮನ್ನೇ ಕೇಳಮ್ಮ, ಅಮ್ಮಂಗೂ ಬಾಯಿದೆ" ಎಂದಳು ಲತಾ. ಮನೆಗೆ ಬಂದು ಎಲ್ಲರನ್ನೂ ಕೂರಿಸಿ, ಪ್ರವಾಸದಲ್ಲಿ ಏನು ಬೇಕು, ಏನು ಬೇಡ ಎನ್ನುವುದನ್ನು ಕೂತವರನ್ನೇ ಕೇಳಬೇಕು, ತಳ್ಳುವವರನ್ನಲ್ಲ ಎಂದು ಕಟ್ಟಪ್ಪಣೆ ಮಾಡಿದಳು.

ಹಡಗಿನಿಂದ ಕಟ್ಟೆಗೆ ಇಳಿಯುವ ಹಲಗೆಯ ಅಭ್ಯಾಸಕ್ಕೆ ಬಸವೇಶ್ವರನಗರದ ಒಂದು ಕಲ್ಯಾಣಮಂಟಪ ಸಿಕ್ಕಿತು. ಅಡುಗೆ ಸಾಮಾನು ಒಳಗೆ ತಳ್ಳಲು ಅಲ್ಲಿ ಹಿತ್ತಲ ಕಡೆ ಉದ್ದನೆಯ ಇಳಿಜಾರಿದೆ. ನಾನೂ ಜೊತೆಗೆ ಹೋಗಿದ್ದೆ. ಅಕ್ಕಯ್ಯಮ್ಮನವರು ವಾಕರ್ ಹಿಡಿದು, ನಾರಾಯಣಪ್ಪನವರು ಕುರ್ಚಿಯಲ್ಲಿ ಕೂತು, ಹತ್ತಿ ಇಳಿದು ಮಾಡುವುದನ್ನು ಕಂಡು ಕಾವಲುಗಾರ ಓಡಿ ಬಂದ.

"ಯಾರ್ ಮದ್ವೆ ಸಾರ್? ಇವತ್ತು ಯಾವ್ದೂ ಬುಕಿಂಗ್ ಇಲ್ವಲ್ಲ?"

"ನಂದೇ ಕಣಪ್ಪ. ಹಾಲ್ ಸಿಕ್ಕಿದೆ, ಹುಡುಗಿ ಇನ್ನೂ ಸಿಕ್ಕಿಲ್ಲ" ಎಂದರು ನಾರಾಯಣಪ್ಪ. ಆಮೇಲೆ ಆ ಕಾವಲುಗಾರನೇ ನೀರು ತಂದು ಕೊಟ್ಟ.

ಒಂದು ದಡಕ್ಕೆ ಒಂದೇ ಜಾಗ ಎನ್ನುವುದು ಲತಾಳ ನಿಯಮ, ಕೊಚ್ಚಿಯಲ್ಲಾದರೆ ಒಂದು ದೇವಸ್ಥಾನ. ಇದಕ್ಕೆ ಗೌತಮನ ತಕರಾರು ಬಂತು. "ಕೊಚ್ಚಿಗೆ ಹೋಗಿ ಒಂದೇ ಜಾಗಾನಾ ದೊಡ್ಡಮ್ಮ? ಇನ್‌ಸ್ಟಾಗೆ ಏನ್ ಹಾಕೋದು?" ಕಾಲಿರುವವರು ಎಲ್ಲಿ ಬೇಕಾದರೂ ಸುತ್ತಿ ಬನ್ನಿ, ದರ್ಶನಕ್ಕೂ ಊಟಕ್ಕೂ ಮಾತ್ರ ಒಟ್ಟಿಗಿರಬೇಕು ಎಂದು ಅವಳು ರಾಜಿ ಮಾಡಿದಳು. ಎತ್ತರದ ದೊಡ್ಡ ಗಾಡಿ ಬೇಡ, ಮೊದಲು ಕೂತು ಆಮೇಲೆ ಕಾಲು ಒಳಗೆಳೆದುಕೊಳ್ಳುವಂಥ ತಗ್ಗಿನ ಕಾರೇ ಬೇಕು ಎಂದು ಕೊಚ್ಚಿಯ ಡ್ರೈವರಿಗೆ ಹರಕು ಹಿಂದಿಯಲ್ಲಿ ಹೇಳಿ ಒಪ್ಪಿಸಿದಳು. ದರ್ಶನವಾಗದೆ ಅತ್ತೆ ತುತ್ತೆತ್ತುವವರಲ್ಲ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ ಮೇಲಾದರೋ ತಿಂಡಿ ತಡವಾಗುವಂತಿಲ್ಲ. ಆದ್ದರಿಂದ ಇಳಿದ ತಕ್ಷಣ ದೇವಸ್ಥಾನ, ದೇವಸ್ಥಾನದ ಬಾಗಿಲಲ್ಲೇ ಡಬ್ಬಿಯ ಇಡ್ಲಿ ಎಂದು ಗೊತ್ತುಮಾಡಿದಳು.

ದ್ವೀಪದ ದಿನ ಮಾತ್ರ ಅವಳಿಗೆ ಯೋಚನೆ ಹತ್ತಿತು. ಅಲ್ಲಿ ಹಡಗು ದಡದ ತನಕ ಹೋಗುವುದಿಲ್ಲ, ಆಳದಲ್ಲಿ ನಿಲ್ಲುತ್ತದೆ, ಜನರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಬಿಡುತ್ತಾರೆ. ಹಡಗಿನ ಆಫೀಸಿಗೆ ಫೋನ್ ಮಾಡಿದರೆ, ಆ ದಿನ ಸಮುದ್ರ ಶಾಂತವಾಗಿದ್ದರೆ ನಮ್ಮ ಸಿಬ್ಬಂದಿಯೇ ಎತ್ತಿ ದೋಣಿಗೆ ಇಳಿಸುತ್ತಾರೆ, ಅಲೆ ಇದ್ದರೆ ಆಗುವುದಿಲ್ಲ ಎಂದರು. ಲತಾ ಸಮುದ್ರ ಶಾಂತವಾಗಿರಲಿ ಎಂದು ಶನಿವಾರ ಶನಿವಾರ ಆಂಜನೇಯನ ಗುಡಿಯಲ್ಲಿ ದೀಪ ಹಚ್ಚಿದಳು. ಸಮುದ್ರದ ಚಿಂತೆಯಲ್ಲಿ, ಹೇಗೆ ಎತ್ತುತ್ತೀರಿ ಎಂದು ಕೇಳುವುದು ಅವಳಿಗೆ ಹೊಳೆಯಲಿಲ್ಲ.

ಅದನ್ನು ಕೇಳಬೇಕಾಗಿತ್ತು. ಏಕೆಂದರೆ ಅಕ್ಕಯ್ಯಮ್ಮನವರು ಗಾಲಿಕುರ್ಚಿಯಲ್ಲಿ ಕೂರುವವರಲ್ಲ. ಆಸ್ಪತ್ರೆಯಲ್ಲೂ ಕುರ್ಚಿ ತಂದವರನ್ನು ಅತ್ತ ಕಳುಹಿಸಿ, ಗೋಡೆ ಹಿಡಿದುಕೊಂಡೇ ನಡೆದು ಹೋಗಿದ್ದರು. ಮನೆಯವರೆಲ್ಲ ಇದನ್ನು ಹಠ ಎಂದುಕೊಂಡಿದ್ದರು. ದುಡಿದ ಮೈಯಲ್ಲವೇ, ಅಭಿಮಾನ ಜಾಸ್ತಿ ಎಂದು ಲತಾ ತಿಳಿದಿದ್ದಳು. ಹಾಗೆಂದು ಒಂದು ದಿನವೂ ವಾದ ಹೂಡಲಿಲ್ಲ. ದಣಿದಾಗ ತಿರುಗಿ ಕೂರಲು ಸೀಟಿರುವ ಗಟ್ಟಿ ವಾಕರ್ ತಂದುಕೊಟ್ಟು ಸುಮ್ಮನಾಗಿದ್ದಳು.

ಕೊಚ್ಚಿಯ ದಿನ ದೇವರು ನಡೆಸಿಕೊಟ್ಟ ಹಾಗೆ ನಡೆಯಿತು. ಇಳಿಯುವ ಹಲಗೆ ಕಲ್ಯಾಣಮಂಟಪದ ಇಳಿಜಾರಿಗಿಂತ ಸುಲಭವಾಗಿತ್ತಂತೆ. ಅಕ್ಕಯ್ಯಮ್ಮನವರು ಗರ್ಭಗುಡಿಯ ಮುಂದೆ ವಾಕರ್ ಹಿಡಿದು ನಿಂತು, ಎಣ್ಣೆ ದೀಪಗಳ ನಡುವೆ ಸ್ವಾಮಿಯನ್ನು ಕಣ್ತುಂಬ ನೋಡಿದರು. ಹಿಂದಿನಿಂದ ಯಾರೂ ನಡೀರಿ ನಡೀರಿ ಎನ್ನದ ಹಾಗೆ ಮನೆಯವರೇ ಬೆನ್ನಿಗೆ ಬೇಲಿಯಾಗಿ ನಿಂತಿದ್ದರು.

ದ್ವೀಪದ ದಿನ ಸಮುದ್ರ ಹಾಲಿನ ಹಾಗೆ ಶಾಂತವಾಗಿತ್ತು. ಹಡಗಿನ ಪಕ್ಕದ ಬಾಗಿಲು ತೆರೆದು, ಕಬ್ಬಿಣದ ಮೆಟ್ಟಿಲು ಇಳಿಸಿ, ಕೆಳಗೆ ದೋಣಿ ಕಟ್ಟಿದ್ದರು. ಮೆಟ್ಟಿಲು ಕಡಿದಾಗಿತ್ತು. ಮನೆಯ ಹಿರಿಯರೇ ಮೊದಲಾಗಲಿ ಎಂದು ಅಕ್ಕಯ್ಯಮ್ಮನವರನ್ನು ಮುಂದೆ ನಿಲ್ಲಿಸಿದರು. ಸಿಬ್ಬಂದಿ ಒಂದು ಕುರ್ಚಿ ತಂದರು. ಅದಕ್ಕೆ ನಾಲ್ಕು ಹಿಡಿ. ಹಿಡಿಯೊಂದಕ್ಕೆ ಒಬ್ಬರಂತೆ ನಾಲ್ಕು ಜನ ನಿಂತರು, ಒಬ್ಬ ಎದೆಗೆ ಕಟ್ಟುವ ಪಟ್ಟಿಯನ್ನು ಬಿಡಿಸಿ ಹಿಡಿದ.

ಅಕ್ಕಯ್ಯಮ್ಮನವರು ಅದನ್ನು ನೋಡಿದರು. ವಾಕರನ್ನು ಒಂದು ಹೆಜ್ಜೆ ಹಿಂದಕ್ಕೆ ತೆಗೆದರು.

"ನಾನು ಒಲ್ಲೆ."

"ಅಮ್ಮ, ಏನೂ ಆಗಲ್ಲ. ಹಿಂದೆ ಜನ ಕಾಯ್ತಿದಾರೆ, ಹಠ ಮಾಡ್ಬೇಡಿ" ಎಂದ ನಾಗರಾಜು.

"ಒಲ್ಲೆ ಅಂದ್ನಲ್ಲ. ನೀವ್ ಹೋಗ್ಬನ್ನಿ."

ಗೌತಮ್ ಕೈಮುಗಿದ, ಧನ್ಯಶ್ರೀ ಗಲ್ಲ ಹಿಡಿದಳು, ಸಿಬ್ಬಂದಿಯ ಮುಖ್ಯಸ್ಥ "ಮಾಜೀ, ಡರೋ ಮತ್" ಎಂದು ಧೈರ್ಯ ಹೇಳಿದ. ಅಕ್ಕಯ್ಯಮ್ಮನವರು ಜಗ್ಗಲಿಲ್ಲ. ಹಿಂದಿನ ಸಾಲು ಗೊಣಗತೊಡಗಿತು. ಇಷ್ಟು ತಿಂಗಳು ಯಾವ ದಿನಕ್ಕಾಗಿ ದುಡಿದಿದ್ದಳೋ ಆ ದಿನ ಲತಾಳ ಕಣ್ಣೆದುರು ಕೈಜಾರುತ್ತಿತ್ತು. ಅತ್ತೆ ಮತ್ತೆ ಹಿಂದುಳಿಯುತ್ತಾರೆ, ಉಳಿದವರು ಹೋಗಿ ನೋಡಿ ಬಂದು ಹೇಳುತ್ತಾರೆ.

ಆಗ ಅವಳು ಮಾಡಿದ್ದನ್ನು ನಾನು ಎಷ್ಟು ಸಲ ನೆನೆದರೂ ಸಾಲದು. ಬೇರೆ ಯಾರಾದರೂ ಆಗಿದ್ದರೆ ಬೇಡುತ್ತಿದ್ದರು, ಇಲ್ಲವೇ ಸಿಡುಕುತ್ತಿದ್ದರು. ಅವಳು ಎರಡನ್ನೂ ಮಾಡಲಿಲ್ಲ. ನಾಗರಾಜುವಿಗೆ, "ನೀವೆಲ್ಲ ಈ ದೋಣೀಲಿ ಹೋಗಿ. ನಾವು ಆಮೇಲೆ ಬರ್ತೀವಿ. ಬರ್ದೇ ಇದ್ರೆ ಇಲ್ಲೇ ಇರ್ತೀವಿ, ಚಿಂತೆ ಮಾಡ್ಬೇಡಿ" ಎಂದಳು. "ನಾನೂ ಅಕ್ಕನ ಜೊತೆಗೇ" ಎಂದು ನಾರಾಯಣಪ್ಪನವರು ಕುರ್ಚಿಯ ಬ್ರೇಕ್ ಹಾಕಿಕೊಂಡರು. ಉಳಿದವರು ಹೋದರು. ಲತಾ ಅತ್ತೆಯನ್ನು ಬಾಗಿಲಿನ ಪಕ್ಕದ ಬೆಂಚಿಗೆ ಕರೆತಂದು ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು. ಯಾಕೆ ಎಂದು ಕೇಳಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ. ದೋಣಿಗಳು ಹೋದವು, ಬಂದವು.

ಎಷ್ಟೋ ಹೊತ್ತಿನ ಮೇಲೆ ಅಕ್ಕಯ್ಯಮ್ಮನವರೇ ಬಾಯಿಬಿಟ್ಟರು. "ನಿಮ್ ಮಾವನ್ನ ಮನೆಯಿಂದ ಹೆಂಗ್ ಕರ್ಕೊಂಡ್ ಹೋದ್ರು, ಜ್ಞಾಪಕ ಇದ್ಯೇನೇ?"

ಲತಾಳಿಗೆ ಆಗ ಹೊಳೆಯಿತಂತೆ. ಅವರ ಮನೆತನದಲ್ಲಿ ತೀರಿಕೊಂಡವರನ್ನು ಮಲಗಿಸಿ ಒಯ್ಯುವುದಿಲ್ಲ. ಕುರ್ಚಿಯಲ್ಲಿ ಕೂರಿಸಿ, ಮೈ ವಾಲದ ಹಾಗೆ ಎದೆಗೆ ಬಟ್ಟೆ ಬಿಗಿದು, ನಾಲ್ಕು ಜನ ಎತ್ತಿಕೊಂಡು ಹೋಗುತ್ತಾರೆ. ಮಾವನನ್ನು, ಎಂದರೆ ನಾಗರಾಜುವಿನ ತಂದೆಯನ್ನು, ಹಾಗೆಯೇ ಒಯ್ದಿದ್ದರು. ಅತ್ತೆಯ ಅತ್ತೆಯನ್ನೂ ಹಾಗೆಯೇ. ಆ ಮನೆಯಲ್ಲಿ ಕೂತವರನ್ನು ಎತ್ತುವುದು ಒಂದೇ ಸಲ.

"ನಾನೂ ಕಣ್ಣಾರೆ ನೋಡಿದ್ದೆ. ಆದ್ರೂ ಹಠ ಅನ್ಕೊಂಡ್ಬಿಟ್ಟೆ" ಎಂದು ಲತಾ ನನ್ನ ಮುಂದೆ ನೊಂದುಕೊಂಡಳು. ಅತ್ತೆಯ ಮುಂದೆ ಮಾತ್ರ ಹಾಗೆಲ್ಲ ಏನೂ ಅನ್ನದೆ, ಅವರ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡಳಂತೆ. "ನೀವು ಹೇಳಿದ್ದು ಒಳ್ಳೇದಾಯ್ತು ಅತ್ತೆ. ಇಲ್ಲೇ ಕೂತ್ಕೊಳೋಣ."

ನಾರಾಯಣಪ್ಪನವರು, "ಅಲ್ಲಕ್ಕ, ನಾನು ದಿನಾ ಕುರ್ಚೀಲೇ ಕೂತಿರ್ತೀನಲ್ಲ, ನನ್ನ ನೋಡಿದ್ರೆ ಹಂಗೇ ಅನ್ಸತ್ತಾ?" ಎಂದರು.

"ಥೂ, ಬಿಡ್ತು ಅನ್ನೋ! ನಿನ್ ಬಾಯಿ ಒಂದ್ ಗಳಿಗೆ ಸುಮ್ನಿದ್ರೆ ತಾನೇ ಹಂಗನ್ಸೋದು."

"ಮತ್ತಿನ್ನೇನು? ನನ್ನ ಮೊದ್ಲು ಎತ್ತಲಿ, ನೀನ್ ನೋಡ್ತಿರು. ನಾನ್ ಏನಾದ್ರೂ ಮಾತು ನಿಲ್ಸಿದ್ರೆ ನೀನ್ ಬರ್ಬೇಡ."

ನಾಲ್ಕು ಜನ ಅವರನ್ನು ಆ ಕುರ್ಚಿಗೆ ಕೂರಿಸಿ ಎತ್ತಿದರು. ಎತ್ತಿದ್ದೇ ತಡ, "ರೈಟ್, ರೈಟ್! ಒಳಗ್ ಹೋಗಿ, ಒಳಗ್ ಹೋಗಿ, ಬಾಗಿಲಲ್ ನಿಂತ್ಕೋಬೇಡಿ! ಏಯ್ ಗುರು, ಹಿಂದಿನ್ ಚಕ್ರ ನೋಡ್ಕೊಳಪ್ಪ!" ಎಂದು ಮೆಟ್ಟಿಲಿನುದ್ದಕ್ಕೂ ಕೂಗಿಕೊಂಡೇ ಇಳಿದರು. ಕನ್ನಡ ಬಾರದ ಆ ನಾಲ್ವರಿಗೂ ನಗು ತಡೆಯಲಾಗಲಿಲ್ಲ. ದೋಣಿಯಲ್ಲಿ ಕೂತ ಮೇಲೂ ಕೂಗು ನಿಲ್ಲಲಿಲ್ಲ. "ಅಕ್ಕಾ, ಲೇಡೀಸ್ ಸೀಟ್ ಖಾಲಿ ಇದೆ!"

ಅಕ್ಕಯ್ಯಮ್ಮನವರ ತುಟಿ ಸಡಿಲವಾಯಿತು. ಆದರೂ ಏಳಲಿಲ್ಲ. ಮತ್ತೆ ಮೇಲೆ ಬಂದ ಖಾಲಿ ಕುರ್ಚಿಯ ಪಟ್ಟಿಯನ್ನೇ ನೋಡುತ್ತ, "ಅದನ್ನ ಕಟ್ಟೋರ್ ಯಾರು?" ಎಂದು ಕೇಳಿದರು.

ಲತಾ ಎದ್ದು ಮುಖ್ಯಸ್ಥನ ಹತ್ತಿರ ಹೋದಳು. ಪಟ್ಟಿ ಬೇಕೇ ಬೇಕು ಎಂದ ಅವನು. ಬೇಡ ಎನ್ನುತ್ತಿಲ್ಲ, ಅವರೇ ಹಾಕಿಕೊಳ್ಳಬಹುದೇ ಎಂದಳು ಇವಳು. ಅವನು ಅತ್ತೆಯನ್ನೊಮ್ಮೆ ನೋಡಿ ತಲೆಯಾಡಿಸಿದ. ಹಾಕಿಕೊಳ್ಳಲಿ, ತಾನು ಒಮ್ಮೆ ಎಳೆದು ನೋಡುತ್ತೇನೆ, ಅಷ್ಟೇ.

ಲತಾ ಪಟ್ಟಿಯ ಎರಡೂ ತುದಿಗಳನ್ನು ಅತ್ತೆಯ ಎರಡು ಕೈಗೆ ಕೊಟ್ಟಳು. "ನೀವೇ ಹಾಕ್ಕೊಳ್ಳಿ ಅತ್ತೆ. ಬೇಡ ಅನ್ಸಿದ್ರೆ ನೀವೇ ಬಿಚ್ಚಿ. ಇದನ್ನ ಬೇರೆ ಯಾರೂ ಮುಟ್ಟಲ್ಲ."

ಅಕ್ಕಯ್ಯಮ್ಮನವರು ಅದರ ಕೊಕ್ಕೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಮ್ಮೆ ಹಾಕಿದರು, ಬಿಚ್ಚಿದರು. ಮತ್ತೆ ಹಾಕಿದರು. "ಸತ್ತೋರಿಗೆ ಇದೆಲ್ಲಾ ಎಲ್ ಬರತ್ತೆ" ಎಂದು ತಮ್ಮಷ್ಟಕ್ಕೇ ಅಂದುಕೊಂಡು, ಬೆಂಚಿನಿಂದ ಎದ್ದು ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಕೂತು, ಪಟ್ಟಿಯನ್ನು ತಾವೇ ಹಾಕಿಕೊಂಡರು. ದೇವರ ಹೆಸರು ಹೇಳಿ, ಆ ನಾಲ್ವರಿಗೆ ಅಚ್ಚ ಕನ್ನಡದಲ್ಲಿ, "ಎತ್ರಪ್ಪ" ಎಂದರು.

ದಡದಲ್ಲಿ ಕಾದು ನಿಂತಿದ್ದ ಮನೆಯವರು, ದೋಣಿಯಲ್ಲಿ ಅಜ್ಜಿಯ ಹಸಿರು ಸೀರೆ ಕಂಡದ್ದೇ ಕೂಗೆಬ್ಬಿಸಿದರು. ನಾಗರಾಜು ಪ್ಯಾಂಟ್ ಒದ್ದೆಯಾಗುವುದನ್ನೂ ಲೆಕ್ಕಿಸದೆ ನೀರಿಗಿಳಿದು ದೋಣಿ ಹಿಡಿದುಕೊಂಡ. ದ್ವೀಪದಲ್ಲಿ ಅವರಿಗೆ ಸಿಕ್ಕ ಹೊತ್ತು ಕಡಿಮೆ, ಅರ್ಧ ದಿನ ಆಗಲೇ ಕಳೆದಿತ್ತು. ಮರಳಿನಲ್ಲಿ ವಾಕರ್ ಹೂತುಹೋಗುತ್ತಿದ್ದುದರಿಂದ ಸಿಮೆಂಟ್ ದಾರಿ ಮುಗಿಯುವಲ್ಲೇ, ಒಂದು ತೆಂಗಿನ ಮರದ ಪಕ್ಕ ಎಲ್ಲರೂ ಚಾಪೆ ಹಾಸಿಕೊಂಡರು. ಎಳನೀರು ಮಾರುವ ಆ ಊರಿನ ಮುದುಕಿಯೊಬ್ಬಳು ಬಂದು ಅಕ್ಕಯ್ಯಮ್ಮನವರ ಪಕ್ಕ ಕೂತಳು. ಅವಳ ಮಾತು ಇವರಿಗೆ ತಿಳಿಯದು, ಇವರ ಮಾತು ಅವಳಿಗೆ ತಿಳಿಯದು. ಇಬ್ಬರೂ ತಂತಮ್ಮ ಮಂಡಿ ತೋರಿಸಿಕೊಂಡು ಬಹಳ ಹೊತ್ತು ಮಾತಾಡಿದರಂತೆ.

ಮುಂದಿನದನ್ನು ನನಗೆ ಹೇಳಿದ್ದು ಧನ್ಯಶ್ರೀ. ಲತಾಳಿಗೆ ಅದು ಗೊತ್ತಿಲ್ಲ, ಏಕೆಂದರೆ ಚಾಪೆಯ ಅಂಚಿಗೆ ಒರಗಿದವಳು ಹಾಗೆಯೇ ನಿದ್ದೆ ಹೋಗಿದ್ದಳು. ಯಾವ ಪ್ರವಾಸದಲ್ಲೂ ಅವಳು ಹಗಲು ಕಣ್ಣು ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ದೋಣಿಯ ಸೀಟಿ ಕೇಳಿ ಧನ್ಯಶ್ರೀ ಎಬ್ಬಿಸಲು ಬಗ್ಗಿದಳು.

"ಎಬ್ಬಿಸ್ಬೇಡ" ಎಂದರು ಅಕ್ಕಯ್ಯಮ್ಮ.

"ಅಜ್ಜಿ, ದೋಣಿ ಹೊರಡ್ತಾ ಇದೆ."

"ಹೊರಡ್ಲಿ. ಅದರ ಹಿಂದೆ ಇನ್ನೊಂದಿದೆ ಅಂತ ಅವಳೇ ಹೇಳಿದಾಳೆ. ಅದಕ್ ಹೋದ್ರಾಯ್ತು."

ಬಿಸಿಲು ಸರಿದು ಲತಾಳ ಮುಖದ ಮೇಲೆ ಬೀಳುತ್ತಿತ್ತು. ಅಕ್ಕಯ್ಯಮ್ಮನವರು ಕೂತಲ್ಲಿಂದಲೇ ವಾಕರನ್ನು ಎಳೆದು ಅವಳ ತಲೆಯ ಹತ್ತಿರ ನಿಲ್ಲಿಸಿದರು, ಅದರ ಮೇಲೆ ತಮ್ಮ ಸೆರಗನ್ನು ಹರಡಿದರು. ನೆರಳು ಅವಳ ಕಣ್ಣಿನ ಮೇಲೆ ಬಿದ್ದದ್ದನ್ನು ನೋಡಿಕೊಂಡು, ಸಮುದ್ರದ ಕಡೆ ತಿರುಗಿ ಕೂತರು.